ವಾಡೆಯ ಗುಟ್ಟು ಯಾರಿಗೆ ಗೊತ್ತಿಲ್ಲ?

ಪ್ರಶ್ನೆ: ನನ್ನ ತವರು ಸೇಡಂ ತಾಲ್ಲೂಕಿನ ಕಾಗಿಣಾ ದಂಡೆಯ ಹಳ್ಳಿ. ಈಗ ಕಲಬುರಗಿಯಲ್ಲಿ ನೆಲೆಸಿದ್ದೇನೆ. ಒಂದು ಕಾದಂಬರಿ ಬರೆದಿದ್ದೇನೆ. ಅಜ್ಜಿ ತೀರಿಕೊಂಡ ಮೇಲೆ ಮೊಮ್ಮಗಳು ಹಳೆಯ ವಾಡೆಗೆ ಬರುತ್ತಾಳೆ. ಬೀಗ ಹಾಕಿದ ಕೋಣೆಯಲ್ಲಿ ಅವಳಿಗೆ ಒಂದು ದಿನಚರಿ ಸಿಗುತ್ತದೆ. ಅಜ್ಜನಿಗೆ ಮೊದಲೊಬ್ಬ ಹೆಂಡತಿ ಇದ್ದಳು, ಆಕೆ ಬಾವಿಗೆ ಬಿದ್ದು ಸತ್ತಳು, ಆಕೆಗೊಂದು ಮಗುವೂ ಇತ್ತು ಎಂಬುದು ಕೊನೆಯ ಅಧ್ಯಾಯದಲ್ಲಿ ಬಯಲಾಗುತ್ತದೆ. ಓದಿದವರೆಲ್ಲ ‘ಚೆನ್ನಾಗಿದೆ, ಆದರೆ ಇಂಗ್ಲಿಷ್ ಸಿನಿಮಾದ ಹಾಗಿದೆ’ ಎನ್ನುತ್ತಾರೆ. ಗಾಥಿಕ್ ಕಾದಂಬರಿ, ಅಂದರೆ ಹಳೆಯ ಮನೆ, ಹೂತ ಗುಟ್ಟು, ಭಯ ಇವುಗಳ ಕಥೆ, ನಮ್ಮ ನೆಲಕ್ಕೆ ಒಗ್ಗುವುದಿಲ್ಲವೇ? ದೆವ್ವ ಇರಲೇಬೇಕೇ? ಗುಟ್ಟನ್ನು ಎಲ್ಲಿಯವರೆಗೆ ಕಾಯ್ದಿಡಬೇಕು? ವಂಶವೃಕ್ಷವನ್ನು ಪುಸ್ತಕದ ಮೊದಲಲ್ಲಿ ಕೊಡಬಹುದೇ?

ಉತ್ತರ: ಒಗ್ಗುತ್ತದೆ. ನನ್ನನ್ನು ಕೇಳಿದರೆ ಇಂಗ್ಲೆಂಡಿಗಿಂತ ನಮ್ಮ ಭಾಗಕ್ಕೇ ಹೆಚ್ಚು ಒಗ್ಗುತ್ತದೆ. ಈ ಪ್ರಕಾರಕ್ಕೆ ನಾಂದಿ ಹಾಡಿದ್ದು ಹೊರೇಸ್ ವಾಲ್‌ಪೋಲ್ 1764ರಲ್ಲಿ ಪ್ರಕಟಿಸಿದ ಕಾದಂಬರಿ. ಅದರಲ್ಲಿ ದೈತ್ಯಗಾತ್ರದ ಶಿರಸ್ತ್ರಾಣ ಆಕಾಶದಿಂದ ಬೀಳುತ್ತದೆ, ಚಿತ್ರಪಟದಿಂದ ಮನುಷ್ಯ ಇಳಿದು ನಡೆಯುತ್ತಾನೆ. ಅವನ್ನೆಲ್ಲ ಬದಿಗಿಟ್ಟು ನೋಡಿದರೆ ಉಳಿಯುವುದಿಷ್ಟು: ಅಜ್ಜ ಒಡೆಯನಿಗೆ ವಿಷವಿಕ್ಕಿ, ಸುಳ್ಳು ಉಯಿಲು ಹುಟ್ಟಿಸಿ ಆಸ್ತಿ ಹೊಡೆದುಕೊಂಡಿದ್ದ, ಅದರ ಫಲವನ್ನು ಮೊಮ್ಮಗನ ಕಾಲದ ಮನೆ ಉಣ್ಣುತ್ತದೆ. ಇದು ಕಲಬುರಗಿಯ ಯಾವ ವಕೀಲರಿಗೂ ಹೊಸ ಕಥೆಯಲ್ಲ. ಗಾಥಿಕ್ ಎಂಬುದು ಬುಡದಲ್ಲಿ ಒಂದು ಪಾಲುದಾವೆ. ಮಂಜು, ಮೋಂಬತ್ತಿ, ಗೂಬೆ ಇವು ಅದಕ್ಕೆ ಆ ದೇಶದವರು ತೊಡಿಸಿದ ಬಟ್ಟೆ. ನೀವು ದಾವೆಯನ್ನು ಬಿಟ್ಟು ಬಟ್ಟೆಯನ್ನು ತಂದಿದ್ದೀರಿ.

ಹಾಗಾಗಿ ನಿಮ್ಮ ಕಾದಂಬರಿಯಲ್ಲಿ ನನಗೆ ಮೊದಲು ತಕರಾರು ಇರುವುದು ವಾತಾವರಣದ ಬಗ್ಗೆ ಅಲ್ಲ, ಗುಟ್ಟಿನ ಬಗ್ಗೆ. ಇಂಗ್ಲಿಷ್ ಕಾದಂಬರಿಯ ಬಂಗಲೆ ಊರಿಂದ ಹತ್ತು ಮೈಲಿ ದೂರ ಇರುತ್ತದೆ. ಅಲ್ಲಿ ನಡೆದದ್ದು ಯಾರಿಗೂ ತಿಳಿಯದೆ ನೂರು ವರ್ಷ ಉಳಿಯಬಹುದು. ನಮ್ಮ ವಾಡೆ ಊರ ನಡುವೆ ಇರುತ್ತದೆ. ಅಗಸಿಯಲ್ಲಿ ತಳವಾರ ಮಲಗುತ್ತಾನೆ, ಹೆರಿಗೆಗೆ ಸೂಲಗಿತ್ತಿ ಬರುತ್ತಾಳೆ, ಬಟ್ಟೆ ಅಗಸರ ಮನೆಗೆ ಹೋಗುತ್ತದೆ, ಲೆಕ್ಕ ಕುಲಕರ್ಣಿಯ ಕೈಯಲ್ಲಿರುತ್ತದೆ. ಮೊದಲ ಸೊಸೆ ಸತ್ತಳು, ಅವಳ ಕೂಸು ಕಾಣೆಯಾಯಿತು ಎಂದರೆ ಅದು ಮೂರನೆಯ ದಿನವೇ ಕಟ್ಟೆಯ ಮೇಲಿನ ಮಾತು. ಎಪ್ಪತ್ತು ವರ್ಷ ಯಾರಿಗೂ ಗೊತ್ತಿರಲಿಲ್ಲ ಎಂದು ನೀವು ಬರೆದರೆ ಸೇಡಂನ ಓದುಗ ಪುಸ್ತಕ ಮುಚ್ಚುತ್ತಾನೆ. ಊರಿಗೆಲ್ಲ ಗೊತ್ತಿತ್ತು, ಊರು ಬಾಯಿ ಬಿಡಲಿಲ್ಲ, ಮನೆಯ ಮಕ್ಕಳಿಗೆ ಮಾತ್ರ ಗೊತ್ತಿಲ್ಲ ಎಂದು ಬರೆಯಿರಿ. ಆಗ ನಾಯಕಿ ಬಿಡಿಸಬೇಕಾದ ಒಗಟೇ ಬೇರೆಯಾಗುತ್ತದೆ. ಏನಾಯಿತು ಎಂಬುದಕ್ಕಿಂತ, ಯಾರು ಯಾರಿಗೆ ಏನು ಕೊಟ್ಟು ಬಾಯಿ ಮುಚ್ಚಿಸಿದರು, ಯಾರು ಕನಿಕರದಿಂದ ಸುಮ್ಮನಿದ್ದರು, ಯಾರು ಭಯದಿಂದ ಸುಮ್ಮನಿದ್ದರು ಎಂಬುದು ಅವಳನ್ನು ಅಲೆದಾಡಿಸುತ್ತದೆ. ಅವಳು ಊರೊಳಗೆ ಕಾಲಿಟ್ಟ ದಿನವೇ ಹಳಬರು ಅವಳ ಮುಖ ನೋಡಿ ಮಾತು ನಿಲ್ಲಿಸಬೇಕು. ಆ ಮೌನಕ್ಕಿಂತ ಭಯ ಹುಟ್ಟಿಸುವ ಕಿರುಚಾಟವನ್ನು ಯಾವ ಕಾದಂಬರಿಕಾರನೂ ಬರೆದಿಲ್ಲ.

ದಿನಚರಿಯನ್ನು ದಯವಿಟ್ಟು ತೆಗೆಯಿರಿ. ನಿಜಾಮರ ಆಳ್ವಿಕೆಯ ಹಳ್ಳಿಯೊಂದರ ಸೊಸೆ 1940ರ ದಶಕದಲ್ಲಿ ದಿನದಿನವೂ ಕನ್ನಡದಲ್ಲಿ ಪುಟಗಟ್ಟಲೆ ಬರೆಯುತ್ತಿದ್ದಳು ಎಂಬುದನ್ನು ನಂಬಿಸಲು ನಿಮಗೆ ಇನ್ನೊಂದು ಕಾದಂಬರಿಯೇ ಬೇಕಾದೀತು. ಶಾಲೆ, ಕಚೇರಿ, ಕೋರ್ಟು ಬಹುಪಾಲು ಉರ್ದುವಿನಲ್ಲಿ ನಡೆಯುತ್ತಿದ್ದ ಕಾಲ ಅದು. ಆ ಹೆಣ್ಣುಮಗಳಿಗೆ ಇದ್ದದ್ದು ಬೀಸುಕಲ್ಲು. ಕೋಳಿ ಕೂಗುವ ಮೊದಲೇ ಎದ್ದು ಜೋಳ ಬೀಸುವಾಗ ತವರು, ಅಣ್ಣ, ಅತ್ತೆಯ ಕಾಟ, ಗಂಡನ ಅಸಡ್ಡೆ ಎಲ್ಲವನ್ನೂ ತ್ರಿಪದಿಗೆ ಇಳಿಸುವುದು ನಮ್ಮ ಹೆಂಗಸರ ರೂಢಿ. ನೆರೆಮನೆಯವಳು ಆ ಹಾಡು ಕಲಿಯುತ್ತಾಳೆ, ಅವಳಿಂದ ಅವಳ ಮಗಳು ಕಲಿಯುತ್ತಾಳೆ. ನಿಮ್ಮ ನಾಯಕಿ ಪಕ್ಕದ ಕೇರಿಯ ಮುದುಕಿಯ ಬಾಯಲ್ಲಿ ತನ್ನ ಮನೆತನದ ಹೆಸರಿರುವ, ತನಗೆ ಗೊತ್ತಿಲ್ಲದ ಕೂಸಿನ ಹೆಸರಿರುವ ಒಂದು ಬೀಸುವ ಹಾಡು ಕೇಳಲಿ. ಸಾಕ್ಷಿ ಮನೆಯ ಹೊರಗೆ ಉಳಿದಿದೆ, ಯಾರೂ ಅದನ್ನು ಬಚ್ಚಿಟ್ಟಿಲ್ಲ, ಎಪ್ಪತ್ತು ವರ್ಷದಿಂದ ಹಾಡುತ್ತಲೇ ಇದ್ದಾರೆ.

ಇದಕ್ಕಿಂತಲೂ ದೊಡ್ಡ ಸಾಕ್ಷಿ ಇನ್ನೊಬ್ಬನಿದ್ದಾನೆ. ಅವನನ್ನು ನೀವು ಹೇಗೆ ಮರೆತಿರೋ ಕಾಣೆ: ಹೆಳವ. ಎತ್ತಿನ ಮೇಲೆ ಕುಳಿತು, ಗಂಟೆ ಬಾರಿಸುತ್ತ, ಕೆಲವು ವರ್ಷಗಳಿಗೊಮ್ಮೆ ತನ್ನ ಒಕ್ಕಲು ಮನೆಗಳಿಗೆ ಬರುವವನು. ಅಂಗಳದಲ್ಲಿ ನಿಂತು ಆ ಮನೆತನದ ಮೂಲ ಊರು, ಮೂಲಪುರುಷ, ಅವನ ಮಕ್ಕಳು, ಮೊಮ್ಮಕ್ಕಳು, ಯಾರು ದತ್ತು ಬಂದರು, ಯಾರು ಊರು ಬಿಟ್ಟರು ಎಲ್ಲವನ್ನೂ ಒಪ್ಪಿಸುತ್ತಾನೆ. ಕಳೆದ ಬಾರಿ ಬಂದ ಮೇಲೆ ಹುಟ್ಟಿದವರನ್ನು ತನ್ನ ಹೊತ್ತಿಗೆಗೆ ಸೇರಿಸಿಕೊಳ್ಳುತ್ತಾನೆ. ಕಾಳು, ಬಟ್ಟೆ, ಕೈಲಾದರೆ ದನಕರು ಪಡೆದು ಮುಂದಿನ ಊರಿಗೆ ಹೊರಡುತ್ತಾನೆ. ಒಂದು ಕುಟುಂಬದ ಗುಟ್ಟಿನ ಕಾದಂಬರಿಗೆ ಇಂಥ ಪಾತ್ರ ಬೇರೆ ಯಾವ ದೇಶದಲ್ಲೂ ಸಿಗುವುದು ಕಷ್ಟ. ಮನೆಯ ಯಜಮಾನ ಕೂಸಿನ ಹೆಸರನ್ನು ಎಲ್ಲ ಕಾಗದಗಳಿಂದಲೂ ಅಳಿಸಬಹುದು. ಹೆಳವನ ಹೊತ್ತಿಗೆ ಮಾತ್ರ ಅವನ ಕೈಗೆಟುಕುವುದಿಲ್ಲ.

ಆ ದೃಶ್ಯವನ್ನು ಹೀಗೆ ಯೋಚಿಸಿ. ಅಜ್ಜಿಯ ದಿನಕರ್ಮ ಮುಗಿದು ಬೀಗರೆಲ್ಲ ಇನ್ನೂ ಪಡಸಾಲೆಯಲ್ಲಿದ್ದಾರೆ. ಹೆಳವ ಬರುತ್ತಾನೆ. ಹಳಬನ ಮಗ, ಹೊಸಬ. ಮನೆಯ ಮರ್ಯಾದೆಯ ಒಪ್ಪಂದ ಅವನಿಗೆ ಗೊತ್ತಿಲ್ಲ. ಅಪ್ಪ ಬರೆದಿಟ್ಟದ್ದನ್ನು ಇದ್ದ ಹಾಗೆಯೇ ಓದುತ್ತ ಹೋಗುತ್ತಾನೆ. ಅಜ್ಜನ ಹೆಸರಿಗೆ ಬಂದಾಗ ‘ಇವರಿಗೆ ಇಬ್ಬರು ಹೆಂಡಿರು, ಹಿರಿಯಳ ಹೊಟ್ಟೆಯಲ್ಲಿ ಒಂದು ಗಂಡು’ ಎನ್ನುತ್ತಾನೆ. ದೊಡ್ಡಪ್ಪ ತಟ್ಟನೆ ಎದ್ದು ಅವನಿಗೆ ಎರಡು ಚೀಲ ಜೋಳ ಕೊಡಿಸಲು ಹೇಳುತ್ತಾನೆ. ಅಷ್ಟು ಉದಾರಿಯಲ್ಲದ ದೊಡ್ಡಪ್ಪ. ನಾಯಕಿ ನೋಡಬೇಕಾದದ್ದು ಆ ಎರಡು ಚೀಲವನ್ನು. ಇದನ್ನು ಮೂರನೆಯ ಅಧ್ಯಾಯದೊಳಗೆ ತನ್ನಿ, ಕೊನೆಗಲ್ಲ. ಕಾರಣ ಮುಂದೆ ಹೇಳುತ್ತೇನೆ.

ಇನ್ನು ಕಾಗದ. ನಮ್ಮ ಭಾಗದ ಮನೆಗಳ ಸಂದೂಕಗಳಲ್ಲಿ ಇರುವಷ್ಟು ಗಾಥಿಕ್ ಸಾಮಗ್ರಿ ಲಂಡನ್ನಿನ ಯಾವ ಅಟ್ಟದಲ್ಲೂ ಇರಲಾರದು. ಅಜ್ಜಂದಿರ ಕಾಲದ ಪತ್ರ ಉರ್ದುವಿನಲ್ಲಿದೆ, ಕೆಲವು ಲೆಕ್ಕಗಳು ಮೋಡಿ ಲಿಪಿಯಲ್ಲಿವೆ. ಮೊಮ್ಮಕ್ಕಳಿಗೆ ಎರಡೂ ಬಾರದು. ಪೂಜೆಯ ಸಾಮಾನಿನ ಜೊತೆ, ಎಲ್ಲರ ಕಣ್ಣೆದುರು, ಕೀಲಿಯೂ ಇಲ್ಲದ ಪೆಟ್ಟಿಗೆಯಲ್ಲಿ ಗುಟ್ಟು ಕುಳಿತಿರುತ್ತದೆ. ವರ್ಷಕ್ಕೊಮ್ಮೆ ಧೂಳು ಒರೆಸಿ ಅರಿಶಿನ ಕುಂಕುಮ ಹಚ್ಚಿ ಒಳಗಿಡುತ್ತಾರೆ. ನಿಮಗೆ ಬೀಗ ಹಾಕಿದ ಕೋಣೆ ಏಕೆ ಬೇಕು? ನಾಯಕಿ ಆ ಕಾಗದ ಹಿಡಿದು ಉರ್ದು ಬಲ್ಲವರನ್ನು ಹುಡುಕಿಕೊಂಡು ಹೋಗಲಿ. ರೋಜಾ ಬಡಾವಣೆಯ ನಿವೃತ್ತ ಮಾಸ್ತರರೊಬ್ಬರು ಕನ್ನಡಕ ಏರಿಸಿ ಓದತೊಡಗಿ, ನಡುವೆ ನಿಲ್ಲಿಸಿ, ‘ಇದನ್ನು ನಿಮ್ಮ ಮನೆಯ ಹಿರಿಯರು ಯಾರಾದರೂ ಬಂದರೆ ಓದುತ್ತೇನಮ್ಮಾ’ ಎನ್ನಲಿ.

ಆ ಕಾಗದದ ತಾರೀಖು ಫಸಲಿಯಲ್ಲಿ, ಅಂದರೆ ನಿಜಾಮರ ಸರಕಾರದ ವರ್ಷಗಣನೆಯಲ್ಲಿ, ಇರುತ್ತದೆ. ಇಲ್ಲಿ ನಿಮಗೊಂದು ಅಚ್ಚುಕಟ್ಟಾದ ಪತ್ತೇದಾರಿ ಕೊಂಡಿ ಇದೆ. ಹೈದರಾಬಾದ್ ಸಂಸ್ಥಾನದ ಕೊನೆಯ ವರ್ಷಗಳಲ್ಲಿ ಫಸಲಿ ವರ್ಷ ಅಕ್ಟೋಬರಿನಲ್ಲಿ, ಆಜೂರ್ ತಿಂಗಳಿಂದ ಶುರುವಾಗಿ ಮರುವರ್ಷದ ಸೆಪ್ಟೆಂಬರಿಗೆ, ಆಬಾನ್ ತಿಂಗಳಿಗೆ ಮುಗಿಯುತ್ತಿತ್ತು. ಫಸಲಿಗೆ 590 ಕೂಡಿಸಿದರೆ ಇಸವಿ ಬರುತ್ತದೆ ಎಂದು ಎಲ್ಲರೂ ಬಾಯಿಪಾಠ ಒಪ್ಪಿಸುತ್ತಾರೆ. ಆದರೆ ಅದು ಸರಿಹೋಗುವುದು ಡಿಸೆಂಬರಿನವರೆಗೆ ಮಾತ್ರ. ಜನವರಿಯಿಂದ 591 ಕೂಡಿಸಬೇಕು. ಆಬಾನ್ 1357 ಎಂಬ ತಾರೀಖಿಗೆ ಅವಸರದಲ್ಲಿ 590 ಕೂಡಿಸಿದರೆ 1947 ಬರುತ್ತದೆ. ನಿಜಕ್ಕೂ ಅದು 1948ರ ಸೆಪ್ಟೆಂಬರಿನ ಆಸುಪಾಸು. ಮೊದಲ ಹೆಂಡತಿ ಸತ್ತದ್ದು 1947ರಲ್ಲಿ, ಅಂದರೆ ಎರಡನೆಯ ಮದುವೆಗೆ ಮೊದಲು ಎಂದು ಮನೆಯವರು ಹೇಳಿಕೊಂಡು ಬಂದಿದ್ದಾರೆ ಎಂದುಕೊಳ್ಳಿ. ಒಂದೇ ಒಂದು ವರ್ಷದ ವ್ಯತ್ಯಾಸದಿಂದ ಇಡೀ ಕಥೆ ಮಗುಚಿ ಬೀಳುತ್ತದೆ. ಎರಡನೆಯ ಮದುವೆ ನಡೆದಾಗ ಮೊದಲನೆಯವಳು ಬದುಕಿದ್ದಳು. ಅದೂ ಸಾಲದೆಂಬಂತೆ ಸತ್ತ ತಿಂಗಳು, ಭಾರತ ಸರಕಾರ ನಿಜಾಮರ ಮೇಲೆ ಸೈನ್ಯ ಕಳುಹಿಸಿದ ಪೊಲೀಸ್ ಕಾರ್ಯಾಚರಣೆಯ ತಿಂಗಳು.

ಹಣದಲ್ಲೂ ಇಂಥದೇ ಸುಳಿವು ಸಿಗುತ್ತದೆ. ನಿಜಾಮರ ಹಾಲಿ ರೂಪಾಯಿ ಬೇರೆ, ಬ್ರಿಟಿಷ್ ಇಂಡಿಯಾದ ಕಳದಾರ ಬೇರೆ. ಏಳು ಹಾಲಿಗೆ ಸುಮಾರು ಆರು ಕಳದಾರ. ಹಾಲಿ ನಾಣ್ಯದ ಚಲಾವಣೆ 1959ರಲ್ಲಿ ಪೂರ್ತಿ ನಿಂತಿತು. ಹಳ್ಳಿಯೊಳಗಿನ ಸಾಲದ ಪತ್ರದಲ್ಲಿ ಕಳದಾರದ ಲೆಕ್ಕವಿದ್ದರೆ, ಹಣ ಪಡೆದವನು ಗಡಿಯಾಚೆಗೆ, ಸೋಲಾಪುರದ ಕಡೆಗೆ ಹೊರಟು ನಿಂತವನು ಎಂದು ಜಾಣ ಓದುಗ ಊಹಿಸುತ್ತಾನೆ. ಇನ್ನೊಂದು ದಾಖಲೆಯನ್ನೂ ಹೆಸರಿಸಿಬಿಡುತ್ತೇನೆ: 1954-55ರ ಖಾಸ್ರಾ ಪಹಣಿ, ಅಂದರೆ ಜಮೀನಿನ ದಾಖಲೆ. ಪಟ್ಟೇದಾರ, ಅಂದರೆ ಕಾಗದದ ಮೇಲಿನ ಒಡೆಯ, ಯಾರು ಎಂಬುದರ ಜೊತೆಗೆ ಜಮೀನು ನಿಜಕ್ಕೂ ಯಾರ ಕಬ್ಜೆಯಲ್ಲಿ, ಅಂದರೆ ಸ್ವಾಧೀನದಲ್ಲಿ, ಇದೆ ಎಂಬುದನ್ನೂ ಅದರಲ್ಲಿ ಬರೆದಿದ್ದಾರೆ. ಪಟ್ಟೇದಾರನ ಹೆಸರು ಅಜ್ಜನದು, ಹೊಳೆದಂಡೆಯ ಎರಡು ಎಕರೆಯ ಕಬ್ಜೆ ಮಾತ್ರ ಮನೆಯವರು ಯಾರೂ ಕೇಳಿರದ ಹೆಂಗಸಿನದು. ಆಕೆ ಯಾರು? ಸೂಲಗಿತ್ತಿ. ಬಾಯಿ ಮುಚ್ಚಿಸಿದ ಬೆಲೆ ಎಷ್ಟೆಂಬುದು ಎಕರೆ ಗುಂಟೆ ಸಮೇತ ಸರಕಾರಿ ಕಾಗದದಲ್ಲಿದೆ. ನಾಯಕಿಯನ್ನು ಅಟ್ಟ ಹತ್ತಿಸುವ ಬದಲು ತಹಸೀಲ್ದಾರ್ ಕಚೇರಿಯ ದಫ್ತರ ಕೋಣೆಗೆ ಕಳುಹಿಸಿ. ಬೇಸಿಗೆಯಾದರೆ ಬೆಳಿಗ್ಗೆಯೇ ಕಳುಹಿಸಿ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಚೇರಿಗಳು ಎಂಟಕ್ಕೆ ತೆರೆದು ಒಂದೂವರೆಗೆ ಮುಚ್ಚುತ್ತವೆ.

ಸುಳ್ಳು ಕಾಗದದ ವಿಷಯದಲ್ಲಿ ಬೀದರಿನ ಇತಿಹಾಸ ಕಲಿಸುವ ಪಾಠ ಒಂದಿದೆ. 1472ರಲ್ಲಿ ಮದರಸಾ ಕಟ್ಟಿಸಿದ ಬಹಮನಿ ವಜೀರ ಮಹಮೂದ್ ಗವಾನನನ್ನು 1481ರಲ್ಲಿ ಸುಲ್ತಾನ ಮೂರನೆಯ ಮುಹಮ್ಮದ್ ಶಾಹ ಕೊಲ್ಲಿಸಿದ. ಕಾರಣ ಒಂದು ಪತ್ರ. ರಾಜ್ಯದ ಮೇಲೆ ದಂಡೆತ್ತಿ ಬರುವಂತೆ ಒರಿಸ್ಸಾದ ಅರಸನಿಗೆ ಗವಾನ ಬರೆದದ್ದು ಎಂದು ಅದನ್ನು ತೋರಿಸಿದರು. ಪತ್ರ ಕಪಟದ್ದು, ಮುದ್ರೆ ಮಾತ್ರ ಅಸಲಿ. ಮುದ್ರೆ ಕಾಯುವವನಿಗೆ ಹೆಂಡ ಕುಡಿಸಿ ಬರಿಯ ಕಾಗದದ ಮೇಲೆ ಒತ್ತಿಸಿಕೊಂಡಿದ್ದರು ಎನ್ನುತ್ತಾರೆ ಇತಿಹಾಸಕಾರರು. ಈ ಮುದ್ರೆ ನಿನ್ನದೇ ಎಂದು ಕೇಳಿದರೆ ಆ ಮುದುಕ ಹೌದು ಎನ್ನದೆ ಬೇರೆ ದಾರಿಯಿರಲಿಲ್ಲ. ವರ್ಷ ತುಂಬುವುದರೊಳಗೆ ಸುಲ್ತಾನನೂ ಸತ್ತ. ಕಾದಂಬರಿಕಾರರು ಸಾಮಾನ್ಯವಾಗಿ ಕಳ್ಳ ಸಹಿಯನ್ನು ತರುತ್ತಾರೆ. ಕೊನೆಗೆ ತಜ್ಞನೊಬ್ಬ ಬಂದು ಸಹಿ ಕಳ್ಳದ್ದು ಎಂದರೆ ಕಥೆ ಮುಗಿಯಿತು. ನೀವು ಅಸಲಿ ಹೆಬ್ಬೆಟ್ಟನ್ನು ತನ್ನಿ. ಹಿರಿಯ ಸೊಸೆ ತನ್ನ ಸ್ತ್ರೀಧನದ ಹೊಲವನ್ನು ಬಿಟ್ಟುಕೊಟ್ಟ ಪತ್ರದ ಮೇಲೆ ಅವಳದೇ ಹೆಬ್ಬೆಟ್ಟು ಇದೆ. ಅದನ್ನು ಒತ್ತಿದಾಗ ಅವಳು ಬದುಕಿದ್ದಳೇ?

ನಿಮ್ಮ ಬಾವಿಯ ವಿಚಾರಕ್ಕೆ ಬರುತ್ತೇನೆ. ಹೆಂಗಸನ್ನು ಬಾವಿಗೆ ಬೀಳಿಸುವುದು ಕನ್ನಡ ಕಾದಂಬರಿಗೆ ರೂಢಿಯಾಗಿ ಹೋಗಿದೆ, ಯಾರೂ ಬೆಚ್ಚುವುದಿಲ್ಲ. ನಿಮ್ಮ ವಾಡೆಯ ಅಂಗಳದಲ್ಲೇ ಇನ್ನೊಂದು ಬಾಯಿ ಇದೆಯಲ್ಲ, ಹಗೇವು. ಈಗಿನ ಓದುಗರಲ್ಲಿ ಅನೇಕರು ಅದನ್ನು ಕಂಡಿರಲಾರರು, ಆದ್ದರಿಂದ ನಿಧಾನವಾಗಿ ಬಣ್ಣಿಸಿ. ಒಬ್ಬ ಮನುಷ್ಯ ಇಳಿಯುವಷ್ಟೇ ಬಾಯಿ. ಒಳಗೆ ಗಡಿಗೆಯ ಹಾಗೆ ಅಗಲ. ಗೋಡೆಗೂ ತಳಕ್ಕೂ ದಂಟು, ಹೊಟ್ಟು ಒತ್ತಿ, ಜೋಳ ಸುರಿದು, ಬಾಯಿಗೆ ಕಲ್ಲುಚಪ್ಪಡಿ ಎಳೆದು ಮಣ್ಣು ಮೆತ್ತುತ್ತಾರೆ. ಜೋಳ ವರ್ಷಗಟ್ಟಲೆ ಕೆಡದೆ ಇರುತ್ತದೆ. ಒಳಗಿನ ಕಾಳು ಉಸಿರಾಡಿ ಉಸಿರಾಡಿ ಇದ್ದ ಪ್ರಾಣವಾಯುವನ್ನು ಮುಗಿಸಿರುತ್ತದೆ, ಇಂಗಾಲದ ಡೈಆಕ್ಸೈಡ್ ತಳದಲ್ಲಿ ತುಂಬಿ ನಿಂತಿರುತ್ತದೆ. ಕಾಳು ಹುಳು ಹಿಡಿಯದಿರಲು ಕಾರಣವೂ ಅದೇ, ಅವಸರದಲ್ಲಿ ಇಳಿದ ಆಳು ಸಾಯಲು ಕಾರಣವೂ ಅದೇ. ಬಲ್ಲವರು ಚಪ್ಪಡಿ ಸರಿಸಿ ಗಾಳಿಯಾಡಲು ಬಿಟ್ಟು, ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸುತ್ತಾರೆ. ದೀಪ ಆರಿದರೆ ಯಾರೂ ಇಳಿಯುವಂತಿಲ್ಲ.

ಇಲ್ಲಿ ಸತ್ತವರ ಮೈಮೇಲೆ ಗಾಯವಿರುವುದಿಲ್ಲ. ಅದು ಅಪಘಾತವೋ ಕೊಲೆಯೋ ಎಂದು ಹೆಣ ಹೇಳುವುದಿಲ್ಲ. ಹೇಳಬಲ್ಲದ್ದು ಒಂದೇ ಪ್ರಶ್ನೆ: ಅವತ್ತು ಕಂದೀಲು ಇಳಿಸಿದ್ದರೇ? ನಿಮ್ಮ ಇಡೀ ಕಾದಂಬರಿಯನ್ನು ಈ ಒಂದು ಪ್ರಶ್ನೆಯ ಮೇಲೆ ನಿಲ್ಲಿಸಬಹುದು. ಲೂಟಿಕೋರರು ಬರುತ್ತಾರೆಂಬ ಸುದ್ದಿ ಬಂದ ರಾತ್ರಿ ಮೈಮೇಲಿನ ಬಂಗಾರದೊಂದಿಗೆ ಮೊದಲ ಹೆಂಡತಿಯನ್ನು ಹಗೇವಿನೊಳಗೆ ಇಳಿಸಿದರು. ಕಂದೀಲು ಹೊರಗೆ ಕಂಡರೆ ಅಪಾಯವೆಂದು ಇಳಿಸಲಿಲ್ಲ ಎಂದು ಒಬ್ಬರು ಹೇಳುತ್ತಾರೆ. ಇಳಿಸಿದ್ದೆವು, ಆರಿತ್ತು, ಆದರೂ ಅಜ್ಜ ಚಪ್ಪಡಿ ಎಳೆ ಎಂದ ಎಂದು ಇನ್ನೊಬ್ಬರು ಹೇಳುತ್ತಾರೆ. ಜೊತೆಗೆ ಅಜ್ಜನನ್ನು ಆ ಊರಿನ ಪೊಲೀಸ್ ಪಾಟೀಲನನ್ನಾಗಿ ಮಾಡಿ. ಊರಲ್ಲಿ ಅಸಹಜ ಸಾವು ಸಂಭವಿಸಿದರೆ ಠಾಣೆಗೆ ವರದಿ ಕೊಡಬೇಕಾದವನೇ ಅವನು. ತನ್ನ ಹೆಂಡತಿಯ ಸಾವಿನ ವರದಿಯನ್ನು ತಾನೇ ಬರೆಯಬೇಕು, ಅಥವಾ ಬರೆಯದೆ ಬಿಡಬೇಕು.

ಈ ರಾತ್ರಿಯನ್ನು 1948ಕ್ಕೆ ಇಡುವುದಾದರೆ ಒಂದು ಮಾತು ಹೇಳಲೇಬೇಕು. ಅನೇಕರು ಆ ವರ್ಷವನ್ನು ಗುಡುಗು ಮಿಂಚಿನ ಹಾಗೆ ಹಿನ್ನೆಲೆಗೆ ಬಳಸಿ ಬಿಟ್ಟುಬಿಡುತ್ತಾರೆ. ನಿಜಾಮರ ಪರವಾಗಿ ಶಸ್ತ್ರ ಹಿಡಿದ ರಜಾಕಾರರ ಹಾವಳಿ ನಿಜ. ಬೀದರ್ ಜಿಲ್ಲೆಯ ಗೋರಟಾದಲ್ಲಿ ಮೇ ತಿಂಗಳಲ್ಲಿ ನಡೆದ ಹತ್ಯಾಕಾಂಡದ ನೆನಪು ಆ ಊರಿನಲ್ಲಿ ಇಂದಿಗೂ ಆರಿಲ್ಲ. ಸೆಪ್ಟೆಂಬರ್ 13ರಂದು ಶುರುವಾದ ಸೈನಿಕ ಕಾರ್ಯಾಚರಣೆಯಲ್ಲಿ 17ಕ್ಕೆ ನಿಜಾಮ ಶರಣಾದ. ಪಠ್ಯಪುಸ್ತಕ ಅಲ್ಲಿಗೆ ನಿಲ್ಲುತ್ತದೆ. ಅದರ ನಂತರದ ವಾರಗಳಲ್ಲಿ ಮುಸ್ಲಿಮರ ಮೇಲೆ ನಡೆದ ಹಿಂಸೆಯ ಬಗ್ಗೆ ಪಂಡಿತ ಸುಂದರಲಾಲ್ ನೇತೃತ್ವದ ಸಮಿತಿ ಸರಕಾರಕ್ಕೆ ವರದಿ ಕೊಟ್ಟಿತು. ಸಂಸ್ಥಾನದಲ್ಲಿ ಕಡಿಮೆಯೆಂದರೂ 27,000ದಿಂದ 40,000 ಜನ ಸತ್ತಿರಬಹುದೆಂದು ಅಂದಾಜಿಸಿ, ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳೆಂದು ಉಸ್ಮಾನಾಬಾದ್, ಗುಲ್ಬರ್ಗ, ಬೀದರ್, ನಾಂದೇಡಗಳನ್ನು ಹೆಸರಿಸಿತು. ಸರಕಾರ ಆ ವರದಿಯನ್ನು ಪ್ರಕಟಿಸಲಿಲ್ಲ. 2013ರ ಹೊತ್ತಿಗೆ ದೆಹಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಅದು ಓದಲು ಸಿಕ್ಕಿತು. ಹೂತಿಟ್ಟ ಗುಟ್ಟಿನ ಬಗ್ಗೆ ನೀವು ಕೇಳಿದ್ದೀರಿ. ನಮ್ಮ ಜಿಲ್ಲೆಗಳ ಮಟ್ಟಿಗೆ ಇದಕ್ಕಿಂತ ಆಳದಲ್ಲಿ ಹೂತದ್ದು ಬೇರೊಂದಿಲ್ಲ. ನಿಮ್ಮ ವಾಡೆಯವರು ಆ ವರ್ಷ ಏನು ಕಳೆದುಕೊಂಡರು ಎಂಬುದನ್ನು ಬರೆದಿದ್ದೀರಿ. ಆ ವರ್ಷ ಅವರಿಗೆ ಏನು ದಕ್ಕಿತು, ಊರು ಬಿಟ್ಟು ಓಡಿದ ನೆರೆಯವನ ಹೊಲ ಯಾರ ಕಬ್ಜೆಗೆ ಬಂತು ಎಂಬುದನ್ನೂ ಬರೆಯುವ ಧೈರ್ಯ ನಿಮಗಿದ್ದರೆ ಮಾತ್ರ ಆ ವರ್ಷವನ್ನು ಮುಟ್ಟಿ. ಇಲ್ಲದಿದ್ದರೆ ಕಥೆಯನ್ನು ಹತ್ತು ವರ್ಷ ಹಿಂದಕ್ಕೆ ಸರಿಸುವುದು ಲೇಸು.

ವಾತಾವರಣಕ್ಕೆ ಹೆಚ್ಚು ಮಾತು ಬೇಡ. ಮಂಜನ್ನು ತೆಗೆದು ಮೇ ತಿಂಗಳ ನಡುಮಧ್ಯಾಹ್ನವನ್ನು ಹಾಕಿ. ಬಿಸಿಲು ನಲವತ್ತು ದಾಟಿದಾಗ ನಮ್ಮ ಊರುಗಳು ಅಮಾವಾಸ್ಯೆಯ ರಾತ್ರಿಗಿಂತ ನಿರ್ಜನವಾಗಿರುತ್ತವೆ. ಮಟಮಟ ಮಧ್ಯಾಹ್ನ ಬಾವಿಯ ಕಡೆ, ಹುಣಸೆ ಮರದ ಕಡೆ ಹೋಗಬೇಡ ಎಂದು ಮಕ್ಕಳನ್ನು ಹೆದರಿಸುವುದು ಇದಕ್ಕೇ. ದಪ್ಪ ಗೋಡೆ, ಒಂದೇ ಒಂದು ಬೆಳಕಿಂಡಿ, ಅದರಿಂದ ಇಳಿದ ಬೆಳಕಿನ ಕೋಲು ಫರಸಿಯ ಮೇಲೆ ಗಂಟೆಗೊಂದು ಗೇಣು ಸರಿಯುತ್ತದೆ. ನಿಮ್ಮ ಕಡೆಯ ಕಲ್ಲು ಪದರ ಪದರವಾಗಿ ಏಳುವ ಸುಣ್ಣಕಲ್ಲು; ತಳದ ಮಣ್ಣು ಕುಸಿದರೆ ಹಾಸಿದ ಫರಸಿ ಕಾಲಡಿ ಬೇರೆಯೇ ದನಿ ಕೊಡುತ್ತದೆ. ಮುಚ್ಚಿದ ಹಗೇವಿನ ಜಾಗವನ್ನು ನಾಯಕಿ ಆ ದನಿಯಿಂದಲೇ ಕಂಡುಕೊಳ್ಳಬಹುದು. ನೆಲದಡಿಯ ಸದ್ದು ಬೇಕೆಂದರೆ 2021ರ ಅಕ್ಟೋಬರಿನಲ್ಲಿ ಗಡಿಕೇಶ್ವರದ ಜನ ಭೂಮಿಯೊಳಗಿಂದ ಗುಡುಗುಡು ಕೇಳಿ, ಕಂಪನಕ್ಕೆ ಹೆದರಿ, ಮನೆ ಬಿಟ್ಟು ಹೊರಗೆ ಮಲಗಿದ್ದರಲ್ಲ. ಇಂಗ್ಲೆಂಡಿನಲ್ಲಿ ಇದನ್ನೆಲ್ಲ ಕಲ್ಪಿಸಿಕೊಳ್ಳಬೇಕು, ನಿಮಗೆ ಪಕ್ಕದ ತಾಲ್ಲೂಕು.

ಸುರಂಗ ಮಾತ್ರ ಬೇಡ. ಬೀದರಿನಿಂದ ಎಲ್ಲಿಗೋ, ಕಲಬುರಗಿ ಕೋಟೆಯಿಂದ ಎಲ್ಲಿಗೋ ಕುದುರೆ ಓಡುವಂಥ ಸುರಂಗವಿದೆ ಎಂಬ ಕಥೆಯನ್ನು ಎಲ್ಲರೂ ಕೇಳಿದ್ದಾರೆ, ಎಲ್ಲರಿಗೂ ಸಾಕಾಗಿದೆ. ಬೀದರಿನ ಕಾರೇಜು ನಿಜವಾದ ಸುರಂಗವೇ, ಆದರೆ ಅದು ಕೋಟೆಯತ್ತ ನೀರು ಹರಿಸಲು ಕಡಿದದ್ದು, ನಿಧಿಗಳ್ಳರಿಗಾಗಿ ಅಲ್ಲ.

ದೆವ್ವ ಇರಲೇಬೇಕೆಂದಿಲ್ಲ. ಇದ್ದರೆ ಅದು ಮೈಮೇಲೆ ಬರುವ ದೆವ್ವವಾಗಿರಲಿ, ಕಿಟಕಿಯಲ್ಲಿ ಇಣುಕುವುದಲ್ಲ. ಮನೆಯ ಯಾವ ಸೊಸೆಗೆ ಮಾತಾಡಲು ಜಾಗವಿಲ್ಲವೋ ಅವಳ ಮೈಮೇಲೆಯೇ ಅದು ಬಂದು, ಯಾರೂ ಹೇಳದ ಮಾತನ್ನು ಎಲ್ಲರೆದುರು ಹೇಳಲಿ. ಅದು ದೆವ್ವದ ಮಾತೋ ಸೊಸೆಯದೋ ಎಂಬುದನ್ನು ನೀವು ತೀರ್ಮಾನಿಸಲು ಹೋಗಬೇಡಿ.

ಗುಟ್ಟನ್ನು ಎಲ್ಲಿಯವರೆಗೆ ಕಾಯ್ದಿಡಬೇಕು ಎಂದು ಕೇಳಿದ್ದೀರಿ. ನನ್ನ ಉತ್ತರ ನಿಮಗೆ ಹಿಡಿಸದಿರಬಹುದು: ಕಾಲು ಭಾಗದವರೆಗೆ ಸಾಕು. ಕನ್ನಡ ಓದುಗ ಬೆಳೆದದ್ದು ಕರ್ಣನ ಕಥೆಯ ಮೇಲೆ. ಅವನ ಹುಟ್ಟಿನ ಗುಟ್ಟು ನಮಗೆ ಮೊದಲೇ ಗೊತ್ತು; ಅವನಿಗೆ ಯಾವಾಗ ಗೊತ್ತಾಗುತ್ತದೆ, ಗೊತ್ತಾದ ಮೇಲೆ ಏನು ಮಾಡುತ್ತಾನೆ ಎಂದು ಉಸಿರು ಹಿಡಿದು ಕಾಯುತ್ತೇವೆ. ಯಾದಗಿರಿ ಜಿಲ್ಲೆಯ ಸುರಪುರದಲ್ಲಿ ಇಂಥದೇ ಒಂದು ನಡೆದ ಕಥೆಯಿದೆ. ಅಪ್ರಾಪ್ತ ವಯಸ್ಸಿನ ರಾಜಾ ವೆಂಕಟಪ್ಪ ನಾಯಕನ ಸಂಸ್ಥಾನವನ್ನು ನೋಡಿಕೊಳ್ಳುತ್ತಿದ್ದ ಇಂಗ್ಲಿಷ್ ಅಧಿಕಾರಿ ಮೆಡೋಸ್ ಟೇಲರ್ ಕಾದಂಬರಿಕಾರನೂ ಹೌದು. ಹುಡುಗ ಇಪ್ಪತ್ತನಾಲ್ಕನೆಯ ವರ್ಷ ದಾಟುವುದಿಲ್ಲವೆಂದು ಜಾತಕ ಹೇಳುತ್ತದೆ ಎಂದು ರಾಜಮಾತೆ ತನಗೆ ತಿಳಿಸಿದ್ದನ್ನು ಆತ ಆತ್ಮಕಥೆಯಲ್ಲಿ ಬರೆದಿದ್ದಾನೆ. 1858ರ ದಂಗೆಯಲ್ಲಿ ಸೆರೆಸಿಕ್ಕ ರಾಜನಿಗೆ ಮರಣದಂಡನೆ ತಪ್ಪಿ ಸೆರೆವಾಸವಾಯಿತು. ಜಾತಕ ಸುಳ್ಳಾಯಿತು ಎನ್ನುವಷ್ಟರಲ್ಲಿ, ಮದರಾಸಿನ ಕಡೆ ಕರೆದೊಯ್ಯುವ ದಾರಿಯಲ್ಲೇ ಅವನು ಗುಂಡೇಟಿನಿಂದ ಸತ್ತ. ಕಾವಲಿನ ಅಧಿಕಾರಿಯ ಪಿಸ್ತೂಲು ಅದು. ತಾನೇ ಹಾರಿಸಿಕೊಂಡನೋ, ಕೈತಪ್ಪಿ ಹಾರಿತೋ, ಕೊಂದರೋ ಎಂಬ ವಾದ ಇನ್ನೂ ನಿಂತಿಲ್ಲ. ಅಂತ್ಯ ಮೊದಲೇ ಗೊತ್ತಿರುವುದರಿಂದ ಈ ಕಥೆಗೆ ಏನು ನಷ್ಟವಾಯಿತು ಹೇಳಿ. ಹೆಳವನನ್ನು ಮೂರನೆಯ ಅಧ್ಯಾಯಕ್ಕೇ ತನ್ನಿ ಎಂದದ್ದು ಇದಕ್ಕೇ. ಮಗು ಇತ್ತು ಎಂಬುದು ಬೇಗ ಗೊತ್ತಾಗಲಿ. ಕಂದೀಲಿನ ಪ್ರಶ್ನೆಯೊಂದನ್ನು ಕೊನೆಯವರೆಗೆ ಎಳೆಯಿರಿ.

ಕರ್ಣನ ಮಾತು ಬಂದದ್ದರಿಂದ ಒಂದು ಸಣ್ಣ ಸುಳಿವನ್ನು ಕೊಡುಗೆಯಾಗಿ ಇಟ್ಟುಕೊಳ್ಳಿ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಐದು ಕಲ್ಲುಗಳನ್ನು ಪಾಂಡವರೆಂದು ಪೂಜಿಸಿ ಚರಗ ಚೆಲ್ಲುತ್ತಾರಲ್ಲ, ನಿಮ್ಮ ಅಜ್ಜಿ ಪ್ರತಿವರ್ಷ ಸ್ವಲ್ಪ ದೂರದಲ್ಲಿ ಆರನೆಯ ಕಲ್ಲೊಂದನ್ನು ಇಟ್ಟು ಅದಕ್ಕೂ ಸಜ್ಜೆ ಕಡುಬು, ಭಜ್ಜಿ ಎಡೆ ಮಾಡುತ್ತಿದ್ದಳು ಎಂದು ಬರೆಯಿರಿ. ಎರಡನೆಯ ಹೆಂಡತಿ ಯಾವ ಕೂಸಿನ ಹಕ್ಕು ಕಸಿದುಕೊಂಡಿದ್ದಳೋ ಆ ಕೂಸಿಗೇ ಎಡೆ ಇಡುತ್ತಿದ್ದಳು. ಹಾಗೆಂದು ವಿವರಿಸಬೇಡಿ, ಓದುಗ ತಾನಾಗಿ ಎಣಿಸಿಕೊಳ್ಳಲಿ.

ಕಾನೂನಿನ ಇಸವಿಗಳಲ್ಲಿ ಎಡವಬೇಡಿ. ಹಿಂದೂ ವಿವಾಹ ಕಾಯ್ದೆ ಬಂದದ್ದು 1955ರಲ್ಲಿ. ಅದಕ್ಕೆ ಮೊದಲು ಎರಡನೆಯ ಮದುವೆ ನಮ್ಮ ಕಡೆ ಅಪರಾಧವಾಗಿರಲಿಲ್ಲ. ಆದ್ದರಿಂದ ನಿಮ್ಮ ಒಂಬತ್ತನೆಯ ಅಧ್ಯಾಯದಲ್ಲಿ ಅಜ್ಜ ‘ಜೈಲಿಗೆ ಹೋಗುತ್ತೇನೆ’ ಎಂದು ಹೆದರುವುದು ಸಲ್ಲದು. ಅವನ ಹೆದರಿಕೆ ಆಸ್ತಿಯದು: ಹಿರಿಯ ಹೆಂಡತಿಯ ಮಗ ಬದುಕಿದ್ದರೆ ಅವನೂ ಪಾಲುದಾರ.

ಗುಟ್ಟು ಹೊರಬರುವ ಬಗೆಗೆ ಸನ್ನತಿಯನ್ನು ನೋಡಿ ಬನ್ನಿ, ನಿಮ್ಮಿಂದ ದೂರವೇನಿಲ್ಲ. ಭೀಮಾ ದಂಡೆಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿಯ ಗುಡಿಯ ಚಾವಣಿ 1986ರಲ್ಲಿ ಕುಸಿದಾಗ, ವಿಗ್ರಹದ ಪೀಠವಾಗಿದ್ದ ಚಪ್ಪಡಿಯ ಮೇಲೆ ಅಶೋಕನ ಶಾಸನ ಇರುವುದು ಕಂಡಿತು. ವಿಗ್ರಹ ನಿಲ್ಲಿಸಲು ಯಾರೋ ಎಂದೋ ಆ ಕಲ್ಲಿನ ನಡುವೆ ಚೌಕ ಗುಂಡಿ ಕೊರೆದಿದ್ದರು. ಅಲ್ಲಿದ್ದ ಅಕ್ಷರಗಳು ಹೋದವು. ನಿಮ್ಮ ನಾಯಕಿಗೆ ಎಲ್ಲ ಸಾಕ್ಷಿಗಳೂ ಸಿಗುತ್ತವೆ, ಒಂದೂ ಹರಿದಿಲ್ಲ, ಒಂದೂ ಗೆದ್ದಲು ಹಿಡಿದಿಲ್ಲ. ಅದು ಅನುಮಾನಕ್ಕೆ ಎಡೆ ಕೊಡುತ್ತದೆ. ಎಲ್ಲೋ ಒಂದು ಚೌಕ ಗುಂಡಿ ಇರಲಿ, ಅದನ್ನು ತುಂಬಲು ಹೋಗಬೇಡಿ.

ಕೊನೆಯದಾಗಿ ವಂಶವೃಕ್ಷ. ಖಂಡಿತ ಕೊಡಿ, ಮೊದಲ ಪುಟದಲ್ಲೇ ಕೊಡಿ. ಆದರೆ ನಿಮಗೆ ಗೊತ್ತಿರುವ ವೃಕ್ಷವನ್ನಲ್ಲ, ಮನೆಯವರು ಗೋಡೆಗೆ ತೂಗುಹಾಕಿರುವುದನ್ನು ಕೊಡಿ. ಅಜ್ಜನಿಗೆ ಒಬ್ಬಳೇ ಹೆಂಡತಿ, ದೊಡ್ಡಪ್ಪನೇ ಹಿರಿಯ ಮಗ. ಹೆಳವನ ವೃಕ್ಷ ಪುಸ್ತಕದ ನಡುವೆ, ಅವನು ಓದುವ ಧಾಟಿಯಲ್ಲೇ, ಗದ್ಯವಾಗಿ ಬರಲಿ. ಓದುಗ ಬೆರಳಿಟ್ಟು ಮೊದಲ ಪುಟಕ್ಕೆ ಮರಳಿ ಎರಡನ್ನೂ ತಾಳೆ ನೋಡುತ್ತಾನೆ. ಮೂರನೆಯದೊಂದು ಬೇಕೇ ಬೇಕು ಎನಿಸಿದರೆ ಖಾಸ್ರಾ ಪಹಣಿಯ ಆ ಪುಟವನ್ನು ಕಾಲಮ್ಮು ಕಾಲಮ್ಮಾಗಿ ಅಚ್ಚು ಹಾಕಿಸಿ. ಪ್ರಕಾಶಕರು ಒಪ್ಪದಿದ್ದರೆ ಬಿಡಿ, ಅದಿಲ್ಲದೆಯೂ ನಡೆಯುತ್ತದೆ.